ಫ್ಲೆಕ್ಸಿನ ಕಿಂಡಿ, ಬಾಳೆಯ ಸೀಳು

ಮುಳಬಾಗಿಲಿನಿಂದ ಚಿತ್ತೂರಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಆಂಧ್ರಪ್ರದೇಶದ ಗಡಿಗೆ ತುಸು ಮುಂಚೆ ನಂಗಲಿ ಸಿಗುತ್ತದೆ. ಹೊಯ್ಸಳರ ಶಾಸನಗಳಲ್ಲಿ ರಾಜ್ಯದ ಮೂಡಣ ಎಲ್ಲೆಯಾಗಿ ಕಾಣಿಸಿಕೊಂಡ ಹೆಸರು ಇದು. ಗಡಿಯ ಊರೆಂದ ಮೇಲೆ ಸ್ವಾಗತ ಕೋರುವ, ಹುಟ್ಟುಹಬ್ಬಕ್ಕೆ ಶುಭ ಹಾರೈಸುವ ಬ್ಯಾನರುಗಳಿಗೆ ಬರವಿರುವುದಿಲ್ಲ. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರಕಾರ 2016ರಲ್ಲೇ ನಿಷೇಧಿಸಿದ್ದರೂ ಅದು ನಮ್ಮ ರಸ್ತೆಬದಿಗಳಿಂದ ಮಾಯವಾಗಿಲ್ಲವೆಂಬುದು ಎಲ್ಲರಿಗೂ ಗೊತ್ತು. ಇಂಥ ದೊಡ್ಡ ಬ್ಯಾನರುಗಳಲ್ಲಿ ಕೆಲವನ್ನು ಹತ್ತಿರದಿಂದ ನೋಡಿ. ಅಲ್ಲಲ್ಲಿ ಬ್ಲೇಡಿನಿಂದ ಅರ್ಧಚಂದ್ರಾಕಾರದ ಕಿಂಡಿ ಕೊಯ್ದಿರುತ್ತಾರೆ. ಏಕೆ ಎಂದರೆ ಕಟ್ಟುವವರ ಉತ್ತರ ಸಿದ್ಧ: ‘ಗಾಳಿ ಆಚೆಗೆ ಹೋಗ್ಲಿ ಅಂತ ಸಾರ್.’

ಶಾಲೆಯಲ್ಲೂ ಬಹುಮಟ್ಟಿಗೆ ಇದೇ ಉತ್ತರ ಕೇಳಿಬರುತ್ತದೆ. ಬಾಳೆಯ ಎಲೆ ಗಾಳಿಗೆ ಸೀಳುಸೀಳಾಗುವುದರಿಂದ ಗಿಡಕ್ಕೇನು ಲಾಭ ಎಂದು ಕೇಳಿದರೆ ‘ಸೀಳುಗಳ ಮೂಲಕ ಗಾಳಿ ಹಾದುಹೋಗುತ್ತದೆ, ಆದ್ದರಿಂದ ಗಿಡ ಬೀಳುವುದಿಲ್ಲ’ ಎನ್ನುತ್ತೇವೆ. ಬ್ಯಾನರಿನ ಕಿಂಡಿಯನ್ನೂ ಬಾಳೆಯ ಸೀಳನ್ನೂ ಒಂದೇ ಗಂಟಿನಲ್ಲಿ ಕಟ್ಟುವ ಈ ವಿವರಣೆ ಕೇಳಲು ಚೆನ್ನಾಗಿದೆ. ಆದರೆ ಲೆಕ್ಕ ಹಾಕಿ ನೋಡಿದರೆ ಅದು ಒಂದು ಕಡೆ ಪೂರ್ತಿ ಸೋಲುತ್ತದೆ, ಇನ್ನೊಂದು ಕಡೆ ಮುಖ್ಯವಾದುದನ್ನೇ ಬಿಟ್ಟುಬಿಡುತ್ತದೆ.

ಮೊದಲು ಬ್ಯಾನರು. 6 ಮೀಟರ್ ಅಗಲ, 3 ಮೀಟರ್ ಎತ್ತರ ಎಂದುಕೊಳ್ಳೋಣ. ವಿಸ್ತೀರ್ಣ 18 ಚದರ ಮೀಟರ್. ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿಲೋಮೀಟರ್ ವೇಗದ ಗಾಳಿ ನೇರವಾಗಿ ಬಡಿಯುತ್ತಿದೆ. ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.2 ಕಿಲೋಗ್ರಾಂ. ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ 240 ಪಾಸ್ಕಲ್ ಒತ್ತಡ. ಇದನ್ನು ವಿಸ್ತೀರ್ಣದಿಂದಲೂ ಚಪ್ಪಟೆ ಹಲಗೆಗೆ ಹೊಂದುವ 1.2ರಷ್ಟು ಗುಣಾಂಕದಿಂದಲೂ ಗುಣಿಸಿದಾಗ ಬರುವ ಬಲ ಸುಮಾರು 5,200 ನ್ಯೂಟನ್. ಐದು ಕ್ವಿಂಟಲಿಗಿಂತ ಹೆಚ್ಚಿನ ತೂಕವನ್ನು ಬ್ಯಾನರಿಗೆ ಅಡ್ಡಲಾಗಿ ನೇತುಹಾಕಿದಂತೆ. ಗಾಳಿ ಮುಂದಕ್ಕೆ ತಳ್ಳುವ ಈ ಬಲವನ್ನು ಮುಂದೆಲ್ಲ ‘ಎಳೆತ’ ಎಂದೇ ಕರೆಯೋಣ.

ಈಗ ಈ ಬ್ಯಾನರಿನಲ್ಲಿ 15 ಸೆಂಟಿಮೀಟರ್ ವ್ಯಾಸದ ಹತ್ತು ಅರ್ಧಚಂದ್ರ ಕಿಂಡಿಗಳನ್ನು ಕೊಯ್ಯಿರಿ. ಒಂದೊಂದರ ವಿಸ್ತೀರ್ಣ 90 ಚದರ ಸೆಂಟಿಮೀಟರಿಗೂ ಕಡಿಮೆ. ಹತ್ತೂ ಸೇರಿ ಒಂದು ಚದರ ಮೀಟರಿನ ಹತ್ತನೆಯ ಒಂದು ಭಾಗವೂ ಆಗುವುದಿಲ್ಲ. ಒಟ್ಟು ಬಟ್ಟೆಯ ಶೇಕಡಾ ಅರ್ಧ ಅಷ್ಟೆ! ಕಿಂಡಿಯ ಮುಚ್ಚಳ ಪೂರ್ತಿ ತೆರೆದುಕೊಂಡಿತೆಂದೇ ಇಟ್ಟುಕೊಂಡರೂ ಎಳೆತದಲ್ಲಿ ಉಳಿತಾಯವಾಗುವುದು ಅದೇ ಪ್ರಮಾಣದಲ್ಲಿ. ಹೆಚ್ಚೆಂದರೆ ಶೇಕಡಾ ಒಂದು. ಗಾಳಿಯ ವೇಗ 20 ಮೀಟರಿನಿಂದ 20.1 ಮೀಟರಿಗೆ ಏರಿದರೆ ಈ ಉಳಿತಾಯವೆಲ್ಲ ಅಲ್ಲಿಗೆ ಮುಗಿಯಿತು. ಕಟ್ಟಡಗಳ ಮೇಲಿನ ಗಾಳಿಯ ಹೊರೆಗಾಗಿ ಇರುವ ಭಾರತೀಯ ಮಾನಕ 875ರ ಮೂರನೆಯ ಭಾಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್ ಮೂಲವೇಗವನ್ನು ಗೊತ್ತುಪಡಿಸಿದೆ. ಆ ವೇಗದಲ್ಲಿ ನಮ್ಮ ಬ್ಯಾನರಿನ ಮೇಲಿನ ಬಲ 14,000 ನ್ಯೂಟನ್ ಮುಟ್ಟುತ್ತದೆ. ಹತ್ತು ಕಿಂಡಿಗಳಿವೆ ಎಂಬ ಧೈರ್ಯದಿಂದ ಸರ್ವೆ ಮರದ ಎರಡು ಗಳುಗಳನ್ನು ಒಂದಡಿ ಆಳದ ಗುಂಡಿಯಲ್ಲಿ ನಿಲ್ಲಿಸುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು.

ಇದು ತಮಾಷೆಯ ವಿಷಯವಲ್ಲ. 2019ರ ಸೆಪ್ಟೆಂಬರಿನಲ್ಲಿ ಚೆನ್ನೈನ ಪಳ್ಳಿಕರಣೆಯಲ್ಲಿ ರಸ್ತೆಯ ಬ್ಯಾನರೊಂದು ಸ್ಕೂಟರಿನ ಮೇಲೆ ಬಿದ್ದು, ಯುವತಿಯೊಬ್ಬರು ಹಿಂದಿನಿಂದ ಬಂದ ಲಾರಿಗೆ ಸಿಕ್ಕಿ ಜೀವ ಕಳೆದುಕೊಂಡರು. 2024ರ ಮೇ 13ರಂದು ಮುಂಬಯಿಯ ಘಾಟ್ಕೋಪರಿನಲ್ಲಿ ಬಿರುಗಾಳಿಗೆ ಉರುಳಿದ ಬೃಹತ್ ಜಾಹೀರಾತು ಫಲಕ 17 ಜನರನ್ನು ಬಲಿ ತೆಗೆದುಕೊಂಡಿತು. ಅಲ್ಲೆಲ್ಲ ಕಿಂಡಿಯ ಪ್ರಶ್ನೆಯೇನೂ ಇರಲಿಲ್ಲ, ನಿಜ. ಆದರೆ ಗಾಳಿಯ ಬಲವನ್ನು ಕಣ್ಣಳತೆಯಲ್ಲಿ ಅಂದಾಜು ಮಾಡುವ ಅಭ್ಯಾಸ ಎಲ್ಲಿಗೆ ತಲುಪಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ಸೀಳಿನಿಂದ ಪ್ರಯೋಜನವೇ ಇಲ್ಲವೆ? ಇದೆ. ಆದರೆ ಅದು ಕಿಟಕಿಯ ಪ್ರಯೋಜನವಲ್ಲ, ಕೀಲಿನ ಪ್ರಯೋಜನ. ಬಿಗಿದು ಕಟ್ಟದ ತೆಳು ಹಾಳೆ ಗಾಳಿಗೆ ಬಾಗುತ್ತದೆ. ಬಾಗಿದಷ್ಟೂ ಗಾಳಿಗೆ ಎದುರಾಗುವ ಮುಖ ಕಿರಿದಾಗುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಸ್ಟೀವನ್ ವೋಗಲ್ 1989ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ವಿಷಯದಲ್ಲಿ ದಾರಿ ತೋರಿಸಿದವು. ಮರದ ಅಗಲವಾದ ಎಲೆಗಳನ್ನು ಗಾಳಿಸುರಂಗದಲ್ಲಿ ಇಟ್ಟಾಗ ಅವು ತಾವಾಗಿಯೇ ಸುರುಳಿ ಸುತ್ತಿಕೊಂಡು ಶಂಕುವಿನ ಆಕಾರ ತಾಳಿದವು. ಬಿಗಿಯಾದ ಹಲಗೆಯ ಮೇಲಿನ ಎಳೆತ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಇಂಥ ಎಲೆಯ ಮೇಲಿನದು ಅದಕ್ಕಿಂತ ನಿಧಾನವಾಗಿ ಏರುತ್ತದೆ.

ಎಷ್ಟು ನಿಧಾನ ಎಂಬುದನ್ನು ಪಿ.ಯು.ಸಿ. ವಿದ್ಯಾರ್ಥಿಯೂ ಲೆಕ್ಕ ಹಾಕಬಹುದು. ನಡುವೆ ಹಿಡಿದ ಒಂದು ಉದ್ದನೆಯ ಪಟ್ಟಿ ಜೋರುಗಾಳಿಗೆ ಎರಡೂ ಕಡೆ ಹಿಂದಕ್ಕೆ ಬಾಗಿದೆ ಎಂದುಕೊಳ್ಳಿ. ತುದಿಗಳು ಗಾಳಿಯ ದಿಕ್ಕಿಗೇ ತಿರುಗಿವೆ. ಗಾಳಿಗೆ ಎದೆಯೊಡ್ಡಿ ನಿಂತಿರುವುದು ನಡುವಿನ ಗಿಡ್ಡ ಭಾಗ ಮಾತ್ರ. ಆ ಭಾಗದ ಉದ್ದವನ್ನು ‘ಉ’ ಎನ್ನೋಣ. ಅದರ ಮೇಲೆ ಗಾಳಿಯ ಒತ್ತಡ ಉಂಟುಮಾಡುವ ಬಾಗಿಸುವ ಪರಿಣಾಮವೂ ಹಾಳೆ ಬಾಗಲೊಲ್ಲದೆ ತೋರುವ ಬಿಗಿತವೂ ಸಮತೂಗಬೇಕು. ಅಂದರೆ ವೇಗದ ವರ್ಗವನ್ನು ‘ಉ’ವಿನ ಘನದಿಂದ ಗುಣಿಸಿದರೆ ಬರುವುದು ಸ್ಥಿರಸಂಖ್ಯೆ. ಹೀಗಾಗಿ ‘ಉ’ ವೇಗದ -2/3 ಘಾತದಂತೆ ಕುಗ್ಗುತ್ತದೆ. ಎಳೆತವಾದರೋ ವೇಗದ ವರ್ಗ ಮತ್ತು ‘ಉ’ವಿನ ಗುಣಲಬ್ಧದಂತೆ ಇರುವುದರಿಂದ ಅದು ವೇಗದ 4/3 ಘಾತದಂತೆ ಏರುತ್ತದೆ. 2002ರಲ್ಲಿ ಆಲ್ಬೆನ್, ಶೆಲಿ ಮತ್ತು ಜಾಂಗ್ ಎಂಬುವರು ಹರಿಯುವ ಸಾಬೂನು ಪೊರೆಯಲ್ಲಿ ಗಾಜಿನ ಎಳೆಯೊಂದನ್ನು ಇಟ್ಟು ಇದೇ ನಿಯಮವನ್ನು ಮುಟ್ಟಿದ್ದರು.

ಈಗ ಪಟ್ಟಿಯ ಬದಲು ನಡುವೆ ಹಿಡಿದ ದುಂಡು ಹಾಳೆ ತೆಗೆದುಕೊಳ್ಳಿ. ಅದು ಎಲ್ಲ ಕಡೆಗೂ ಒಟ್ಟಿಗೆ ಹಿಂದಕ್ಕೆ ಬಾಗಲಾರದು. ಮುತ್ತುಗದ ಎಲೆಯಿಂದ ದೊನ್ನೆ ಮಾಡುವವರಿಗೆ ಕಾರಣ ಗೊತ್ತು: ಮಡಿಕೆ ಹಾಕಿ ಕಡ್ಡಿ ಚುಚ್ಚದೆ ಚಪ್ಪಟೆ ಎಲೆ ಬಟ್ಟಲಾಗುವುದಿಲ್ಲ. ಹೋಟೆಲಿನಲ್ಲಿ ಟೋಪಿ ದೋಸೆ ಮಾಡುವವರು ಕಾವಲಿಯ ಮೇಲೆಯೇ ನಡುವಿನಿಂದ ಅಂಚಿನವರೆಗೆ ಒಂದು ಗೀರು ಎಳೆದುಕೊಳ್ಳುತ್ತಾರೆ. ಗೀರಿಲ್ಲದೆ ಟೋಪಿ ನೆಟ್ಟಗೆ ಸುತ್ತಿಕೊಳ್ಳದು. ಹಾಳೆಯನ್ನು ಒಂದು ದಿಕ್ಕಿನಲ್ಲಿ ಬಾಗಿಸುವುದು ಸುಲಭ, ಎರಡು ದಿಕ್ಕಿನಲ್ಲಿ ಏಕಕಾಲಕ್ಕೆ ಬಾಗಿಸಬೇಕಾದರೆ ಅದು ಹಿಗ್ಗಬೇಕು ಇಲ್ಲವೆ ಮಡಿಚಿಕೊಳ್ಳಬೇಕು. ತೆಳು ಹಾಳೆಗೆ ಹಿಗ್ಗುವುದು ಬಲು ಕಷ್ಟ. ದಪ್ಪವನ್ನು ಅರ್ಧಕ್ಕೆ ಇಳಿಸಿದರೆ ಹಿಗ್ಗಿಸಲು ಬೇಕಾದ ಬಲವೂ ಅರ್ಧಕ್ಕೆ ಇಳಿಯುತ್ತದೆ, ಆದರೆ ಬಾಗಿಸಲು ಬೇಕಾದುದು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹಾಳೆ ತೆಳುವಾದಂತೆಲ್ಲ ಬಾಗುವ ದಾರಿ ಅಗ್ಗ, ಹಿಗ್ಗುವ ದಾರಿ ಹೋಲಿಕೆಯಲ್ಲಿ ದುಬಾರಿ. ಸೀಳು ಮಾಡುವ ಕೆಲಸ ಇದೇ: ದುಬಾರಿ ದಾರಿಯನ್ನು ತಪ್ಪಿಸಿ ಅಗ್ಗದ ದಾರಿಯನ್ನು ತೆರೆಯುವುದು.

ಫ್ರಾನ್ಸಿನ ಎಕೋಲ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಗೋಸ್ಲಾ, ದ ಲಾಂಗ್ರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆಯತಾಕಾರದ ಹಾಳೆಗಳ ಜೊತೆಗೆ ತ್ರಿಜ್ಯಗಳ ಉದ್ದಕ್ಕೂ ಸೀಳಿದ ದುಂಡು ಹಾಳೆಗಳನ್ನೂ ಗಾಳಿಸುರಂಗದಲ್ಲಿ ಪರೀಕ್ಷಿಸಿದರು. ಸೀಳಿದ ದುಂಡುಹಾಳೆ ಹೂವಿನ ದಳಗಳು ಮುಚ್ಚುವಂತೆ ಹಿಂದಕ್ಕೆ ಮಡಿಯುತ್ತದೆ. ಇಲ್ಲಿ ಗಾಳಿಗೆ ಎದುರಾಗುವ ಭಾಗದ ಉದ್ದ ಮಾತ್ರವಲ್ಲ, ಅಗಲವೂ ಕುಗ್ಗುತ್ತದೆ. ಹೀಗಾಗಿ ಎಳೆತ ‘ಉ’ವಿನ ವರ್ಗವನ್ನು ಅವಲಂಬಿಸುತ್ತದೆ. ಹಿಂದಿನ ಲೆಕ್ಕವನ್ನೇ ಮುಂದುವರಿಸಿದರೆ ಎಳೆತ ವೇಗದ 2/3 ಘಾತದಂತೆ ಏರುತ್ತದೆ ಎಂದಾಯಿತು. ಗಾಳಿಯ ವೇಗ ಇಮ್ಮಡಿಯಾದಾಗ ಬಿಗಿ ಹಲಗೆಯ ಮೇಲಿನ ಎಳೆತ ನಾಲ್ಕು ಪಟ್ಟು, ಬಾಗುವ ಪಟ್ಟಿಯ ಮೇಲಿನದು ಎರಡೂವರೆ ಪಟ್ಟು, ಸೀಳಿದ ದುಂಡುಹಾಳೆಯ ಮೇಲಿನದು ಬರಿಯ 1.6 ಪಟ್ಟು. ಒಂದು ಚೂರೂ ಹಾಳೆಯನ್ನು ಕತ್ತರಿಸಿ ತೆಗೆದಿಲ್ಲ ಎಂಬುದನ್ನು ಗಮನಿಸಿ. ಚಪ್ಪಟೆಯಾಗಿದ್ದಾಗ ಸೀಳಿನ ವಿಸ್ತೀರ್ಣ ಸೊನ್ನೆ. ಗಾಳಿ ಹೋಗಲು ‘ದಾರಿ’ ಬಿಟ್ಟಿದ್ದಕ್ಕೆ ಈ ಲಾಭ ಬಂದದ್ದಲ್ಲ.

ಆ ಮುಂದಿನ ಹೆಜ್ಜೆ ಸೀಳುಗಳನ್ನು ವಿನ್ಯಾಸವಾಗಿ ಜೋಡಿಸುವುದು. ಕಾಗದವನ್ನು ಮಡಿಚಿ ಸಾಲುಸಾಲಾಗಿ ಗೀರು ಹಾಕಿ ಎಳೆದರೆ ಜಾಲರಿಯಾಗುವ ಆಟ ನಮ್ಮ ಮಕ್ಕಳಿಗೆ ಗೊತ್ತು. ಶಾಲಾ ವಾರ್ಷಿಕೋತ್ಸವದ ತೋರಣಗಳಲ್ಲಿ ಅದನ್ನು ನೋಡಿದ್ದೇವೆ. ಜಪಾನಿನಲ್ಲಿ ಕಾಗದ ಕತ್ತರಿಸುವ ಕಲೆಗೆ ಕಿರಿಗಾಮಿ ಎಂದು ಹೆಸರು. ವಿಜ್ಞಾನಿಗಳು ಆ ಹೆಸರನ್ನೇ ಉಳಿಸಿಕೊಂಡಿದ್ದಾರೆ. 2022ರಲ್ಲಿ ಮಾರ್ಜಾ, ಲ ಹೇ, ದ ಲಾಂಗ್ರ್ ಮತ್ತು ರಮಣನಾರಿವೊ ಪ್ರಕಟಿಸಿದ ಸಂಶೋಧನೆ ಇಂಥ ಜಾಲರಿ ಹಾಳೆಯನ್ನು ನೀರಿನ ಹರಿವಿಗೆ ಅಡ್ಡವಾಗಿ ಹಿಡಿದಾಗ ಏನಾಗುತ್ತದೆ ಎಂಬುದನ್ನು ನೋಡಿತು. ಹರಿವು ಹಾಳೆಯನ್ನು ಉಬ್ಬಿಸುತ್ತದೆ. ಸೀಳುಗಳು ಬಾಯಿ ಬಿಡುತ್ತವೆ. ನಡುವಣ ಪಟ್ಟಿಗಳು ಹಾಳೆಯ ತಲದಿಂದ ಹೊರಳಿ ಓರೆಯಾಗಿ ನಿಲ್ಲುತ್ತವೆ, ಕಿಟಕಿಯ ಅಡ್ಡಪಟ್ಟಿಗಳ ಪರದೆಯಂತೆ. ಎಷ್ಟು ಹಿಗ್ಗುತ್ತದೆ, ಯಾವ ಆಕಾರ ತಾಳುತ್ತದೆ ಎಂಬುದನ್ನು ತೀರ್ಮಾನಿಸುವುದು ಹಾಳೆಯ ವಸ್ತುವಷ್ಟೇ ಅಲ್ಲ, ಸೀಳಿನ ಉದ್ದ ಮತ್ತು ಸಾಲುಗಳ ನಡುವಿನ ಅಂತರ ಕೂಡ. ಒಂದೇ ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಯೊಂದರ ನೆರವಿನಿಂದಲೇ ಬಿಗಿಯಾದುದನ್ನೂ ಸಡಿಲವಾದುದನ್ನೂ ಮಾಡಿಕೊಳ್ಳಬಹುದು ಎಂದಂತಾಯಿತು.

ಇದೇ ದಾರಿಯಲ್ಲಿ ನಡೆದ ಕೆನಡಾದ ಪಾಲಿಟೆಕ್ನಿಕ್ ಮಾಂಟ್ರಿಯಾಲ್ ತಂಡದ ಕಿರಿಗಾಮಿ ಪ್ಯಾರಾಚೂಟ್ 2025ರ ಅಕ್ಟೋಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಲೇಸರಿನಿಂದ ಗೀರು ಹಾಕಿದ ಚಪ್ಪಟೆ ಪ್ಲಾಸ್ಟಿಕ್ ಬಿಲ್ಲೆ ಅದು. ಬೀಳುವಾಗ ಗಾಳಿಯೇ ಅದನ್ನು ಬೋರಲು ಗಂಟೆಯ ಆಕಾರಕ್ಕೆ ತರುತ್ತದೆ. ಹೊರೆ ಅತ್ತಿತ್ತ ತೇಲಿಹೋಗದೆ ಬಿಟ್ಟ ಜಾಗದ ನೇರ ಕೆಳಗೇ ಇಳಿಯುತ್ತದೆ. ಡ್ರೋನಿನಿಂದ ನೀರಿನ ಬಾಟಲಿಯೊಂದನ್ನು ಹೀಗೆ ಇಳಿಸಿ ತೋರಿಸಿದರು. ಇಂಥ ಸುದ್ದಿ ಓದಿದವರಿಗೆ ‘ತೂತು ಹೆಚ್ಚಿದಷ್ಟೂ ಒಳ್ಳೆಯದು’ ಎನಿಸಬಹುದು. ಹಾಗಲ್ಲ. ಅದೇ ಅಗಲದ ಬಟ್ಟೆಯ ಪ್ಯಾರಾಚೂಟಿಗಿಂತ ಹೆಚ್ಚು ಎಳೆತ ಕೊಡುವುದು ಅದರ ಗುರಿಯಲ್ಲ. ನೆಟ್ಟಗೆ ಬೀಳುವುದು ಗುರಿ. ನಮ್ಮ ಗಗನಯಾನದ ಪ್ಯಾರಾಚೂಟುಗಳೊಡನೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. 2023ರ ಆಗಸ್ಟಿನಲ್ಲಿ ಚಂಡೀಗಢದಲ್ಲಿ ಇಸ್ರೋ ಪರೀಕ್ಷಿಸಿದ 5.8 ಮೀಟರ್ ವ್ಯಾಸದ ಡ್ರೋಗ್ ಪ್ಯಾರಾಚೂಟುಗಳು ಪಟ್ಟಿಗಳಿಂದ ಹೆಣೆದ ಶಂಕುಗಳು. ಪಟ್ಟಿಗಳ ನಡುವಿನ ಸಂದುಗಳನ್ನು ಹೊಲಿಯುವಾಗಲೇ ಬಿಟ್ಟಿರುತ್ತಾರೆ. ಅವು ನಿಜಕ್ಕೂ ಕಿಂಡಿಗಳು: ವಿಸ್ತೀರ್ಣದ ಗಣನೀಯ ಪಾಲು ತೆರೆದಿರುತ್ತದೆ, ಗಾಳಿ ಆಚೆಗೆ ಹೋಗುತ್ತದೆ, ಪ್ಯಾರಾಚೂಟು ಓಲಾಡುವುದು ತಗ್ಗುತ್ತದೆ. ಕಿರಿಗಾಮಿಯಲ್ಲಾದರೋ ಸಂದು ಎಷ್ಟಿರಬೇಕೆಂಬುದನ್ನು ಹರಿವೇ ಆಯಾ ವೇಗಕ್ಕೆ ತಕ್ಕಂತೆ ತೀರ್ಮಾನಿಸುತ್ತದೆ.

ಈ ಪ್ರಯೋಗಗಳನ್ನು ಮೆಚ್ಚಿಕೊಳ್ಳುತ್ತಲೇ ಅವುಗಳ ಮಿತಿಯನ್ನೂ ಹೇಳಬೇಕು. ನೀರಿನ ತೊಟ್ಟಿಯಲ್ಲಿ ಹರಿವು ಒಂದೇ ಸಮನಾಗಿರುತ್ತದೆ. ಏಪ್ರಿಲ್ ತಿಂಗಳ ಸಂಜೆ ಮುಳಬಾಗಿಲಿನ ಬಯಲಿನಲ್ಲಿ ಎದ್ದುಬರುವ ಮಳೆಗಾಳಿ ಹಾಗಿರುವುದಿಲ್ಲ. ಅದು ಬೀಸಿ ಬೀಸಿ ಹೊಡೆಯುತ್ತದೆ. ಸಡಿಲವಾದ ಪಟ್ಟಿ ಪಟಪಟ ಬಡಿದುಕೊಳ್ಳತೊಡಗಿದರೆ ಮೇಲಿನ ಘಾತದ ನಿಯಮಗಳನ್ನು ನೆಚ್ಚುವಂತಿಲ್ಲ. ಬಡಿಯುವ ಬಾವುಟದ ಎಳೆತ ಸುಮ್ಮನೆ ಚಾಚಿಕೊಂಡ ಬಾವುಟದ್ದಕ್ಕಿಂತ ಬಹಳ ಹೆಚ್ಚು. ಇನ್ನೊಂದು, ಸೀಳಿನ ತುದಿ. ಚೂಪಾದ ತುದಿಯಲ್ಲಿ ಬಲ ಒಟ್ಟುಗೂಡುತ್ತದೆ ಎಂದು ಇಂಗ್ಲಿಸ್ 1913ರಲ್ಲೇ ಗಣಿತದಿಂದ ತೋರಿಸಿದ್ದ. ನಮ್ಮ ದರ್ಜಿಗಳು ಅಂಗಿಯ ಕಾಜಾದ ಎರಡು ತುದಿಗಳಿಗೆ ಒತ್ತಾಗಿ ಹೊಲಿಗೆ ಹಾಕುವುದೂ ಅದಕ್ಕೇ. ಕೆಲವು ನಿಮಿಷದ ಪ್ರಯೋಗದಲ್ಲಿ ನಿಂತ ಹಾಳೆ ಒಂದು ಮಳೆಗಾಲದಲ್ಲಿ ನಿಂತೀತೇ ಎಂಬುದು ಬೇರೆಯೇ ಪ್ರಶ್ನೆ.

ಬಾಳೆಯ ಕಡೆ ಬರೋಣ. ಅದರ ಎಲೆಯಲ್ಲಿ ನಡುದಂಟಿನಿಂದ ಅಂಚಿನವರೆಗೆ ಪಕ್ಕನರಗಳು ಒಂದಕ್ಕೊಂದು ಸಮಾನಾಂತರವಾಗಿ ಓಡುತ್ತವೆ. ಹರಿದರೆ ಆ ಗೆರೆಯಲ್ಲೇ ಹರಿಯಬೇಕು. ಸುರುಳಿ ಬಿಚ್ಚಿಕೊಂಡಾಗ ಇಡಿಯಾಗಿದ್ದ ಎಲೆ ಕೆಲವು ಗಾಳಿಗಳ ನಂತರ ಪಟ್ಟಿಗಳ ಸಾಲಾಗುತ್ತದೆ. ಒಂದೊಂದು ಪಟ್ಟಿಯೂ ತನ್ನಷ್ಟಕ್ಕೆ ತಾನು ಬಾಗಿ ಗಾಳಿಯ ದಿಕ್ಕಿಗೆ ತಿರುಗಬಲ್ಲದು. ಇಲ್ಲಿ ಸೀಳು ಕೀಲಾಗಿ ಕೆಲಸ ಮಾಡುತ್ತದೆ. ಆದರೆ ಎಲ್ಲ ಕೀರ್ತಿಯನ್ನೂ ಸೀಳಿಗೇ ಕೊಡುವುದು ಸರಿಯಲ್ಲ. ಎನ್ನೊಸ್ ಮತ್ತು ಸಂಗಡಿಗರು 2000ದಲ್ಲಿ ಬಾಳೆಯ ಜಾತಿಯ ಗಿಡವೊಂದರ ತೊಟ್ಟನ್ನು ಪರೀಕ್ಷಿಸಿ, ದೋಣಿಯ ಹಾಗೆ ಮೇಲೆ ತೆರೆದ ಅದರ ಅಡ್ಡಕೊಯ್ತ ಬಾಗಲು ಬಿಗಿಯಾಗಿಯೂ ತಿರುಚಲು ಸಡಿಲವಾಗಿಯೂ ಇದೆ ಎಂದು ತೋರಿಸಿದರು. ಆದ್ದರಿಂದ ಗಾಳಿ ಬಂದಾಗ ಇಡೀ ಎಲೆ ತೊಟ್ಟಿನ ಬಳಿ ತಿರುಚಿಕೊಂಡು ಗಾಳಿಯ ಜೊತೆಗೆ ಹೋಗುತ್ತದೆ. ಎಲೆಗಳೆಲ್ಲ ಒಂದು ಕಡೆಗೆ ಗೊಂಚಲಾಗುತ್ತವೆ. ಹರಿಯದ ಎಲೆಗೂ ಈ ರಕ್ಷಣೆ ಇದೆ.

ಹರಿಯುವುದು ಗಿಡದ ಒಳಿತಿಗಾಗಿಯೇ ಎಂದು ತೀರ್ಪು ಕೊಡುವುದಂತೂ ಅವಸರ. ಟೇಲರ್ ಮತ್ತು ಸೆಕ್ಸ್‌ಟನ್ 1972ರಲ್ಲಿ ಇದೇ ಸೀಳನ್ನು ಬೇರೊಂದು ಕೋನದಿಂದ ನೋಡಿದರು. ಅಗಲವಾದ ಎಲೆಗಿಂತ ಕಿರಿದಾದ ಪಟ್ಟಿ ಗಾಳಿಗೆ ಬೇಗ ಶಾಖ ಬಿಟ್ಟುಕೊಡುತ್ತದೆ. ಹೀಗಾಗಿ ಹರಿದ ಎಲೆ ಬಿಸಿಲಿನಲ್ಲಿ ಕಡಿಮೆ ಕಾಯುತ್ತದೆ. ಇತ್ತ ರೈತನನ್ನು ಕೇಳಿ. ಎಲೆ ತೀರ ಚಿಂದಿಯಾದರೆ ಇಳುವರಿಗೆ ಪೆಟ್ಟು ಎನ್ನುತ್ತಾನೆ. ಊಟದ ಎಲೆ ಮಾರುವವನಿಗೆ ಒಂದು ಸೀಳೂ ನಷ್ಟವೇ. ತೋಟದ ಅಂಚಿಗೆ ಗಾಳಿತಡೆ ಮರಗಳನ್ನು ಬೆಳೆಸುವುದು ಇದೇ ಕಾರಣಕ್ಕೆ. ‘ಪ್ರಕೃತಿಯ ಜಾಣ ಯೋಜನೆ’ ಎಂದು ಒಂದೇ ಮಾತಿನಲ್ಲಿ ಪಾಠ ಮುಗಿಸುವ ನಮ್ಮ ಚಾಳಿಗೆ ಈ ಸಂಗತಿಗಳು ತೊಡಕು ತರುತ್ತವೆ. ತರಲಿ.

ಹಾಗಾದರೆ ಬ್ಯಾನರು ಬಾಳೆಯಿಂದ ಏನನ್ನೂ ಕಲಿಯಲಾರದೆ? ನಾಲ್ಕೂ ಕಡೆ ಚೌಕಟ್ಟಿಗೆ ಬಿಗಿದ ಬ್ಯಾನರು ಕಲಿಯಲಾರದು. ಬಾಗಲು ಅದಕ್ಕೆ ಜಾಗವೇ ಇಲ್ಲ. ಬಾಳೆಯನ್ನು ನಿಜವಾಗಿ ಅನುಸರಿಸಬೇಕೆಂದರೆ ಮೇಲಂಚೊಂದನ್ನೇ ಕಟ್ಟಿ, ಬಟ್ಟೆಯನ್ನು ಮೇಲಿನಿಂದ ಕೆಳಗಿನವರೆಗೆ ಉದ್ದುದ್ದ ಪಟ್ಟಿಗಳಾಗಿ ಸೀಳಬೇಕು. ನಾಯಕರ ಮುಖವೂ ಅದರೊಡನೆ ಸೀಳಿಹೋಗುವುದರಿಂದ ಈ ಸಲಹೆಯನ್ನು ಯಾರೂ ಒಪ್ಪಲಾರರು! ಒಪ್ಪುವಂಥ ದಾರಿಗಳೂ ಇವೆ. ಉದ್ದಗಲಕ್ಕೂ ಸಣ್ಣ ರಂಧ್ರಗಳಿರುವ ಜಾಲರಿ ಬಟ್ಟೆಯನ್ನು ಬಳಸಿದರೆ ಒಟ್ಟು ತೆರವು ಹತ್ತು ಕಿಂಡಿಗಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಟೊಮ್ಯಾಟೊ ಸಸಿಮಡಿಗಳ ನೆರಳುಬಲೆ ಪಾಲಿಥೀನ್ ಹಾಳೆಗಿಂತ ಹಗುರವಾಗಿ ಗಾಳಿಯನ್ನು ತಾಳುವುದು ಇದರಿಂದಲೇ. ಅದಕ್ಕಿಂತ ಸರಳವಾದುದು ಬ್ಯಾನರಿನ ಅಳತೆ ತಗ್ಗಿಸುವುದು. ಉದ್ದ, ಅಗಲ ಎರಡನ್ನೂ ಅರ್ಧ ಮಾಡಿದರೆ ಬಲ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಎತ್ತರವೂ ತಗ್ಗುವುದರಿಂದ ಗಳುವಿನ ಬುಡವನ್ನು ಕೀಳುವ ಪರಿಣಾಮ ಇನ್ನೂ ಕಡಿಮೆ.

ಇದನ್ನೆಲ್ಲ ತರಗತಿಯಲ್ಲಿ ಪರೀಕ್ಷಿಸಲು ಗಾಳಿಸುರಂಗ ಬೇಕಿಲ್ಲ. ಮೂರು ವೇಗದ ಮೇಜುಪಂಖ ಸಾಕು. ಸೈಕಲ್ಲಿನ ಹಳೆಯ ಕಡ್ಡಿಯೊಂದನ್ನು ಲೋಲಕದಂತೆ ತೂಗುಬಿಡಿ. ಅದರ ಕೆಳತುದಿಗೆ 20 ಸೆಂಟಿಮೀಟರ್ ವ್ಯಾಸದ ಬಿಲ್ಲೆಯೊಂದನ್ನು ನಡುವಿನಲ್ಲಿ ಸಿಕ್ಕಿಸಿ, ಪಂಖಕ್ಕೆ ಎದುರಾಗಿ ಇಡಿ. ಒಂದು ಬಿಲ್ಲೆ ದಪ್ಪ ರಟ್ಟಿನದು. ಇನ್ನೊಂದು ಅಂಥದೇ ರಟ್ಟು, ಆದರೆ ಎರಡು ರೂಪಾಯಿ ನಾಣ್ಯದಷ್ಟು ಅಗಲದ ನಾಲ್ಕು ಅರ್ಧಚಂದ್ರ ಕಿಂಡಿಗಳುಳ್ಳದ್ದು. ಮೂರನೆಯದು ಬರೆಯುವ ಕಾಗದದ್ದು, ಇಡಿಯಾದುದು. ನಾಲ್ಕನೆಯದು ಅದೇ ಕಾಗದ, ಅಂಚಿನಿಂದ ನಡುವಿನ ಸಮೀಪದವರೆಗೆ ಎಂಟು ಸೀಳು ಹಾಕಿದ್ದು. ನಾಲ್ಕರ ಒಟ್ಟು ತೂಕವೂ ಸಮವಾಗುವಂತೆ ಕಡ್ಡಿಗೆ ಕಾಗದದ ಕ್ಲಿಪ್ಪುಗಳನ್ನು ಸೇರಿಸಿಕೊಳ್ಳಿ. ಲೋಲಕ ವಾಲಿದ ಕೋನವನ್ನು ಕೋನಮಾಪಕದಿಂದ ಅಳೆಯಿರಿ. ಕೋನ ಸಣ್ಣದಿದ್ದಾಗ ಅದರ ಟ್ಯಾಂಜೆಂಟ್ ಎಳೆತಕ್ಕೆ ಅನುಗುಣವಾಗಿರುತ್ತದೆ. ಒಂದನೆಯ ವೇಗದಿಂದ ಮೂರನೆಯದಕ್ಕೆ ಹೋದಾಗ ಒಂದೊಂದು ಬಿಲ್ಲೆಯ ಟ್ಯಾಂಜೆಂಟ್ ಎಷ್ಟು ಪಟ್ಟಾಯಿತು ಎಂದು ಬರೆದಿಡಿ. ಮೊದಲೆರಡು ಬಿಲ್ಲೆಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ವಿದ್ಯಾರ್ಥಿಗಳಿಗೆ ತೋರಿಸಿ, ಆಮೇಲೆ ಮೂರನೆಯ ಮತ್ತು ನಾಲ್ಕನೆಯದನ್ನು ತೋರಿಸಿ. ಕಾಗದ ತೀರ ಬಿಗಿಯಾಗಿದ್ದು ಬಾಗದಿದ್ದರೆ ಪಂಖವನ್ನು ಹತ್ತಿರ ತನ್ನಿ, ಇಲ್ಲವೆ ಸುದ್ದಿಪತ್ರಿಕೆಯ ಹಾಳೆ ಹಿಡಿಯಿರಿ.